ಕಟಕಟೇಲಿ ಅವಳೊಬ್ಬಳೇ ಯಾಕೆ? 1881ರ ಸೂರತ್ ಕೇಸಿಂದ ಇವತ್ತಿನ ಮಲೆನಾಡಿನವರೆಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ದಿನಾ ಪೇಪರ್ ನೋಡೋರಿಗೆ ಈ ಸುದ್ದಿ ಹೊಸದೇನಲ್ಲ. ಆಗಷ್ಟೇ ಹುಟ್ಟಿದ ಮಗು ನೀರಿನ ಚಾನೆಲ್ ಪಕ್ಕನೋ, ಬಸ್ ಸ್ಟ್ಯಾಂಡ್ ಹಿಂದೆನೋ, ತೋಟದ ಹಳ್ಳದಲ್ಲೋ ಸಿಗುತ್ತೆ, ಕೆಲವು ಸಲ ಜೀವ ಇರುತ್ತೆ, ಕೆಲವು ಸಲ ಇರಲ್ಲ. ಮಾರನೇ ದಿನ ಹೆಡ್ಡಿಂಗ್ ಬರುತ್ತೆ, ಹೆತ್ತ ತಾಯಿಗಾಗಿ ಪೊಲೀಸರ ಹುಡುಕಾಟ ಅಂತ. ಹೋಟ್ಲು, ಸೊಸೈಟಿ ಕಟ್ಟೆ, ಬಸ್ಸು, ಎಲ್ಲಿ ಹೋದ್ರೂ ಅದೇ ಮಾತು, ಇವಳೂ ಒಬ್ಳು ತಾಯಿನಾ, ಇಂಥವಳನ್ನ ಗಲ್ಲಿಗೆ ಹಾಕ್ಬೇಕು. ಅಪ್ಪನಿಗಾಗಿ ಹುಡುಕಾಟ ಅನ್ನೋ ಹೆಡ್ಡಿಂಗ್ ಮಾತ್ರ ನಾನು ಇವತ್ತಿನವರೆಗೆ ಒಂದೂ ನೋಡಿಲ್ಲ.

ಈ ವಿಷ್ಯ ಸರಿಯಾಗಿ ಅರ್ಥ ಆಗ್ಬೇಕು ಅಂದ್ರೆ ಒಂದು ಹಳೇ ಕೊಲೆ ಕೇಸಿಗೆ ಹೋಗ್ಬೇಕು. ನಮ್ಮ ಶಿವಮೊಗ್ಗ ಜಿಲ್ಲೇಲಿ ಹಳೇ ಕೊಲೆ ಕೇಸು ಅಂದ್ರೆ ಎಲ್ರೂ ಹೇಳೋದು ಸ್ವಾತಂತ್ರ್ಯ ಚಳವಳಿಯ ಈಸೂರು. 1942ರಲ್ಲಿ ಅಮಲ್ದಾರ (ಈಗಿನ ತಹಶೀಲ್ದಾರ್ ಥರ), ಸಬ್ ಇನ್ಸ್‌ಪೆಕ್ಟರ್ ಇಬ್ರೂ ಸತ್ರು, 1943ರ ಮಾರ್ಚಲ್ಲಿ ಐದು ಜನ್ರನ್ನ ಗಲ್ಲಿಗೆ ಹಾಕಿದ್ರು, ಆ ಕೇಸಲ್ಲಿ ಊರಿನ ಹೆಣ್ಮಕ್ಕಳೂ ಜೈಲು ಕಂಡ್ರು. ಅದು ಊರಿಗೆ ಊರೇ ಒಟ್ಟಿಗೆ ನಿಂತ ಕೇಸು, ಹಾಗಾಗಿ ಅದಕ್ಕೆ ಚರಿತ್ರೇಲಿ ಜಾಗ ಸಿಕ್ತು, ಸಿಗ್ಲೇಬೇಕಿತ್ತು. ಆದ್ರೆ ರಾತ್ರಿ ಹಿತ್ಲಲ್ಲಿ ಒಬ್ಳೇ ಹೆತ್ತು, ಬೆಳಗಾಗೋದ್ರೊಳಗೆ ಕೊಲೆ ಆರೋಪಿ ಆಗಿಬಿಡೋ ಹೆಂಗಸಿನ ಹಿಂದೆ ಯಾವ ಊರೂ ನಿಲ್ಲಲ್ಲ, ಅವಳ ಕೇಸನ್ನ ಯಾರೂ ನೆನಪಿಟ್ಕೊಳ್ಳಲ್ಲ. ಅಂಥ ಕೇಸುಗಳಲ್ಲಿ ದೇಶಕ್ಕೇ ಗೊತ್ತಾಗಿದ್ದು ಬಹಳ ಕಮ್ಮಿ, ಅದ್ರಲ್ಲಿ ಒಂದು ಸೂರತ್ತಿಂದು.

1881. ಅದೇ ವರ್ಷ ಮಾರ್ಚಲ್ಲಿ ಬ್ರಿಟಿಷರು ಮೈಸೂರು ರಾಜ್ಯನ ವಾಪಸ್ ಒಡೆಯರ ಕೈಗೆ ಕೊಟ್ರು, ಅಂದ್ರೆ ನಮ್ಮ ಶಿವಮೊಗ್ಗ ಮತ್ತೆ ಸಂಸ್ಥಾನದ ಕೆಳಗೆ ಬಂದ ವರ್ಷ. ಆ ಕಡೆ ಬಾಂಬೆ ಪ್ರಾಂತ್ಯದ ಸೂರತ್ ಜಿಲ್ಲೇಲಿ ವಿಜಯಲಕ್ಷ್ಮಿ ಅನ್ನೋ ಬ್ರಾಹ್ಮಣ ವಿಧವೆ, ವಯಸ್ಸು 24, ತನ್ನ ಹಸುಗೂಸನ್ನ ಕೊಂದ್ಳು ಅಂತ ಸೆಷನ್ಸ್ ಕೋರ್ಟ್ ಅವಳಿಗೆ ಗಲ್ಲು ಶಿಕ್ಷೆ ಕೊಡ್ತು. ಅಪೀಲು ಬಾಂಬೆ ಹೈಕೋರ್ಟಿಗೆ ಹೋಯ್ತು, ಅಲ್ಲಿ ಗಲ್ಲು ಹೋಗಿ ಜೀವಾವಧಿ ಗಡೀಪಾರು ಆಯ್ತು, ಆಮೇಲೆ ಸರ್ಕಾರ ಅದನ್ನೂ ಇಳಿಸಿ ಐದು ವರ್ಷಕ್ಕೆ ತಂತು. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ ಆಯ್ತು, ಈಗಿನ ಹೆಂಗಸ್ರಿಗೆ ಧರ್ಮ ಇಲ್ಲ ನೀತಿ ಇಲ್ಲ ಅಂತ ಗಂಡಸ್ರು ಪುಟಗಟ್ಟಲೆ ಬರೆದ್ರು, ಇನ್ನು ಕೆಲವ್ರು ಪಾಪ ವಿಧವೆ ಅಂತ ಕನಿಕರ ತೋರಿಸಿದ್ರು, ಅವ್ರೂ ಗಂಡಸ್ರೇ.

ಈ ಕೇಸಲ್ಲಿ ಅವಳ ಸುತ್ತ ಯಾರ್ಯಾರು ಇದ್ರು ಒಂದ್ಸಲ ಯೋಚ್ನೆ ಮಾಡಿ. ಹಿಡಿದ ಪೊಲೀಸ್ ಗಂಡಸು. ವಕೀಲ ಗಂಡಸು, ಯಾಕಂದ್ರೆ ಈ ದೇಶದಲ್ಲಿ ಹೆಂಗಸ್ರು ವಕೀಲಿಕೆ ಮಾಡ್ಬೋದು ಅಂತ ಕಾನೂನು ಬಂದಿದ್ದೇ 1923ರಲ್ಲಿ, ಅದಕ್ಕಿಂತ ಮುಂಚೆ 1916ರಲ್ಲಿ ಕಲ್ಕತ್ತಾ ಹೈಕೋರ್ಟು, 1921ರಲ್ಲಿ ಪಾಟ್ನಾ ಹೈಕೋರ್ಟು ಲಾ ಓದಿದ ಹೆಣ್ಮಕ್ಕಳನ್ನೇ ಆಗಲ್ಲ ಅಂತ ವಾಪಸ್ ಕಳಿಸಿದ್ವು. ಡಾಕ್ಟ್ರು ಗಂಡಸು, ಆನಂದಿಬಾಯಿ ಜೋಷಿ ಅಮೆರಿಕಾದಲ್ಲಿ ಡಾಕ್ಟರ್ ಡಿಗ್ರಿ ತಗೊಂಡಿದ್ದು 1886ರಲ್ಲಿ, ಈ ಕೇಸಾಗಿ ಐದು ವರ್ಷದ ಮೇಲೆ. ಜಡ್ಜು ಗಂಡಸು ಅಂತ ಬೇರೆ ಹೇಳೋದೇ ಬೇಡ. ಜ್ಯೂರಿಗೆ, ಅಂದ್ರೆ ಆರೋಪಿ ತಪ್ಪಿತಸ್ಥನಾ ಅಲ್ವಾ ಅಂತ ಹೇಳೋಕೆ ಕೋರ್ಟಲ್ಲಿ ಕೂರಿಸ್ತಿದ್ದ ಸಾಮಾನ್ಯ ಜನರ ಗುಂಪಿಗೆ, ಯಾರು ಕೂರಬೇಕು ಅಂತ ಆಮೇಲೆ ಬಂದ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಲ್ಲೂ ಗಂಡಸರು ಅಂತ್ಲೇ ಬರ್ದಿತ್ತು. ಇನ್ನೊಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ, ಆಗ ಆರೋಪಿಗೆ ಪ್ರಮಾಣ ಮಾಡಿ ತನ್ನ ಪರವಾಗಿ ತಾನೇ ಸಾಕ್ಷಿ ಹೇಳೋ ಹಕ್ಕು ಇರ್ಲಿಲ್ಲ, ಅದು ನಮ್ಮಲ್ಲಿ ಸಿಕ್ಕಿದ್ದು 1955ರ ತಿದ್ದುಪಡಿ ಆದ್ಮೇಲೆ. ಅಂದ್ರೆ ಸಾವು ಬದುಕಿನ ತೀರ್ಮಾನ ಆಗೋ ಜಾಗದಲ್ಲಿ ಅವಳ ಬಾಯಿ ಮಾತಿಗೆ ಸಾಕ್ಷಿಯ ತೂಕನೇ ಇಲ್ಲ.

ಮತ್ತೆ ಆ ಮಗುವಿನ ಅಪ್ಪ? ಕಟಕಟೇಲಿ ಅವನಿಲ್ಲ. ಬೇಕಿರಲೂ ಇಲ್ಲ, ಯಾಕಂದ್ರೆ ಕಾನೂನು ಕೇಳೋದು ಕೊಂದಿದ್ದು ಯಾರ ಕೈ ಅಂತ ಮಾತ್ರ, ಆ ಕೈಯನ್ನ ಅಲ್ಲಿವರೆಗೆ ತಳ್ಳಿದ್ದು ಯಾರು ಅಂತಲ್ಲ.

ಈ ಪ್ರಶ್ನೆನ ಆಗ್ಲೇ ಜೋರಾಗಿ ಕೇಳಿದ ಹೆಂಗಸು ಒಬ್ರಿದ್ರು, ವಿದರ್ಭದ ಬುಲ್ಢಾಣಾದ ತಾರಾಬಾಯಿ ಶಿಂಧೆ. ಈ ಕೇಸಿನ ಸಿಟ್ಟಲ್ಲೇ ಅವ್ರು ಮರಾಠೀಲಿ ಸ್ತ್ರೀ ಪುರುಷ ತುಲನಾ ಅನ್ನೋ ಪುಸ್ತಕ ಬರ್ದಿದ್ದು, 1882ರಲ್ಲಿ ಪುಣೇಲಿ ಅಚ್ಚಾಯ್ತು. ಅವ್ರು ವಿಜಯಲಕ್ಷ್ಮಿಯ ಪರ ವಕಾಲತ್ತು ಹಾಕಿ ಕೂತ್ಕೊಳ್ಲಿಲ್ಲ, ಗಂಡಸರ ಕಡೆನೇ ತಿರುಗಿ ನಿಂತ್ರು. ಹೆಂಗಸಿನ ಮೇಲೆ ನೀವು ಹೊರಿಸೋ ದೋಷಗಳೆಲ್ಲ ನಿಮ್ಮಲ್ಲೇ ಎಷ್ಟಿದೆ ನೋಡ್ಕೊಳ್ಳಿ, ಹೆಂಡ್ತಿ ಸತ್ರೆ ನೀವು ಇನ್ನೊಂದು ಮದ್ವೆ ಆಗ್ತೀರಿ, ಗಂಡ ಸತ್ರೆ ಅವಳ ತಲೆ ಬೋಳಿಸಿ ಮೂಲೇಲಿ ಕೂರಿಸ್ತೀರಿ, ಇದ್ಯಾವ ನ್ಯಾಯ ಅಂತ ಒಂದೊಂದಾಗಿ ಎಣಿಸಿ ಕೇಳ್ತಾರೆ. ಆಗಿನ ಕಾಲಕ್ಕೆ ಆ ಧೈರ್ಯ ನೆನೆಸ್ಕೊಂಡ್ರೆ ನನಗೆ ಈಗ್ಲೂ ಮೈ ಜುಂ ಅನ್ನುತ್ತೆ. ಅವ್ರನ್ನ ಹಂಗಿಸಿದೋರೇ ಜಾಸ್ತಿ, ಬೆನ್ನಿಗೆ ನಿಂತಿದ್ದು ಜ್ಯೋತಿಬಾ ಫುಲೆ. ಅದಕ್ಕೂ ಮುಂಚೆ 1863ರಲ್ಲೇ ಜ್ಯೋತಿಬಾ, ಸಾವಿತ್ರಿಬಾಯಿ ಇಬ್ರೂ ಪುಣೇಲಿ ವಿಧವೆಯರು ಗುಟ್ಟಾಗಿ ಬಂದು ಹೆರಿಗೆ ಮಾಡಿಸ್ಕೊಂಡು, ಬೇಕಾದ್ರೆ ಮಗುನ ಅಲ್ಲೇ ಬಿಟ್ಟು ಹೋಗ್ಬೋದು ಅಂತ ಒಂದು ಮನೆ ಶುರು ಮಾಡಿದ್ರು. ಕೋರ್ಟು ಕೊಲೆ ಅಂತ ಮಾತ್ರ ನೋಡಿದ್ದನ್ನ ಅವ್ರು ಜಾಗ ಇಲ್ಲದಿರೋ ಸಮಸ್ಯೆ ಅಂತ ನೋಡಿದ್ರು. ಒಬ್ಬ ಹೆಂಗಸಿಗೆ ಹೆರೋಕೆ ಒಂದು ಜಾಗ, ಹೆತ್ತ ಮಗುನ ಇಡೋಕೆ ಒಂದು ಜಾಗ ಇದ್ರೆ ಎಷ್ಟೋ ಸಾವು ಆಗೋದೇ ಇಲ್ಲ.

ಈಗ ನಮ್ಮ ಮಲೆನಾಡಿಗೆ ಬನ್ನಿ. ತುಂಗೆ, ಶರಾವತಿ ದಡದ ಅಗ್ರಹಾರಗಳಲ್ಲಿ ಆಗ ಪರಿಸ್ಥಿತಿ ಸೂರತ್ತಿಗಿಂತ ಬೇರೆ ಏನಿರ್ಲಿಲ್ಲ. ಎಷ್ಟು ಚಿಕ್ಕ ಹುಡುಗೀರನ್ನ ಮದ್ವೆ ಮಾಡ್ತಿದ್ರು ಅಂದ್ರೆ ಮೈಸೂರು ಸರ್ಕಾರ 1894ರಲ್ಲಿ ತಂದ ಕಾಯ್ದೆ ಎಂಟು ವರ್ಷದೊಳಗಿನ ಹುಡುಗಿ ಮದ್ವೆ ಮಾಡ್ಬಾರ್ದು, 50 ದಾಟಿದ ಗಂಡಸು 14ರೊಳಗಿನ ಹುಡುಗಿನ ಮದ್ವೆ ಆಗ್ಬಾರ್ದು ಅಂತ ಹೇಳ್ಬೇಕಾಯ್ತು. ಇಷ್ಟಕ್ಕೇ ಆಗ ವಿರೋಧ ಬಂದಿತ್ತು. 50ರ ಗಂಡ ಸತ್ರೆ 15ರ ಹುಡುಗಿ ಮಡಿ ಹೆಂಗಸಾಗಿ ಕೆಂಪು ಸೀರೆ ಉಟ್ಕೊಂಡು, ಬಾಕಿ ಜೀವನ ಪೂರ್ತಿ ಅಡುಗೆ ಮನೆ ಹೊಗೆ, ಕೊಟ್ಟಿಗೆ ಸಗಣಿ, ಬೇರೆಯವರ ಬಾಣಂತನ ಇದ್ರಲ್ಲೇ ಕಳೀಬೇಕು. ವಿಧವಾ ವಿವಾಹಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ 1856ರಲ್ಲೇ ಕಾಯ್ದೆ ಬಂತು, ಆದ್ರೆ ಅದ್ರಲ್ಲೂ ಮತ್ತೆ ಮದ್ವೆ ಆದ್ರೆ ಮೊದಲ ಗಂಡನ ಆಸ್ತಿ ಮೇಲಿನ ಹಕ್ಕು ಬಿಡ್ಬೇಕು ಅಂತ ಒಂದು ಕಂಡೀಷನ್ ಇತ್ತು. ಅಂಥ ಮನೇಲಿ ಆ ಹುಡುಗಿ ಮೇಲೆ ಕಣ್ಣು ಹಾಕೋದು ಹೊರಗಿನೋರಷ್ಟೇ ಅಂದ್ಕೋಬೇಡಿ. ನಮ್ಮ ಅಜ್ಜಿ ತಲೆಮಾರಿನೋರು ಇದನ್ನ ಬಾಯ್ಬಿಟ್ಟು ಹೇಳ್ತಿರ್ಲಿಲ್ಲ, ಅವಳಿಗೆ ಹಾಗಾಯ್ತಂತೆ ಅಂತ ದನಿ ಇಳಿಸಿ ಅಲ್ಲಿಗೇ ನಿಲ್ಲಿಸ್ತಿದ್ರು. ಯಾರಿಂದ ಹಾಗಾಯ್ತು ಅನ್ನೋದು ಆ ಮಾತಲ್ಲಿ ಬರ್ತಾನೇ ಇರ್ಲಿಲ್ಲ.

ಬಸುರಾಗಿದ್ದು ಊರಿಗೆ ಗೊತ್ತಾದ್ರೆ ಘಟಶ್ರಾದ್ಧ. ಜೀವಂತ ಇರೋ ಹೆಣ್ಣಿಗೆ ಸತ್ತೋರಿಗೆ ಮಾಡೋ ಕ್ರಿಯೆ ಮಾಡಿ, ಮಡಕೆ ಒಡೆದು, ಇವಳು ಇನ್ನು ನಮಗಿಲ್ಲ ಅಂತ ತೀರ್ಮಾನ ಮಾಡಿ ಊರಿಂದ ಆಚೆ ಹಾಕೋದು. ಇಲ್ಲೂ ತೀರ್ಮಾನ ಮಾಡೋರು, ಮಂತ್ರ ಹೇಳೋರು, ಮಡಕೆ ಒಡೆಯೋರು ಎಲ್ಲ ಗಂಡಸ್ರೇ. ಅಂದ್ರೆ ಆ ಹೆಂಗಸಿನ ಮುಂದೆ ಎರಡು ಕೋರ್ಟಿತ್ತು, ಒಂದು ಮಠ, ಸಮಾಜದ್ದು, ಇನ್ನೊಂದು ಸರ್ಕಾರದ್ದು. ಮಗು ಬದುಕಿದ್ರೆ ಮೊದಲನೇ ಕೋರ್ಟಲ್ಲಿ ಶಿಕ್ಷೆ, ಮಗು ಸತ್ರೆ ಎರಡನೇದ್ರಲ್ಲಿ. ಈ ಎರಡು ಬಾಗಿಲ ಮಧ್ಯೆ ಸಿಕ್ಕಿಹಾಕ್ಕೊಂಡ ಇಪ್ಪತ್ತು ವರ್ಷದ ಹುಡುಗಿ ಏನು ಮಾಡ್ಬೇಕಿತ್ತು ಅಂತ ತೀರ್ಪು ಬರೆಯೋರು ಯಾರಾದ್ರೂ ಹೇಳ್ಬೇಕಿತ್ತಲ್ವಾ? ನನ್ನ ಪ್ರಕಾರ ಈ ಥರದ ಕೇಸುಗಳ ಮುಖ್ಯ ಅನ್ಯಾಯ ಇರೋದೇ ಇಲ್ಲಿ. ಸಮಾಜ ಹಾಕೋ ಶಿಕ್ಷೆಯ ಹೆದರಿಕೇಲಿ ಅವಳು ಮಾಡಿದ್ದನ್ನ ಸರ್ಕಾರದ ಕೋರ್ಟು ಅವಳ ದುಷ್ಟತನ ಅಂತ ಲೆಕ್ಕಕ್ಕೆ ತಗೊಳ್ತು. ಮಗು ಸತ್ತಿದ್ದು ಸಣ್ಣ ವಿಷ್ಯ ಅಂತ ಯಾರೂ ಹೇಳ್ತಿಲ್ಲ, ಆ ಜೀವಕ್ಕೆ ಯಾರೂ ಉತ್ತರ ಕೊಡೋದು ಬೇಡ ಅಂತ್ಲೂ ನಾನು ಹೇಳ್ತಿಲ್ಲ, ಉತ್ತರ ಕೊಡ್ಬೇಕಾದೋರ ಪಟ್ಟಿ ಉದ್ದ ಇದೆ ಅಂತಷ್ಟೇ ಹೇಳ್ತಿರೋದು.

ಇನ್ನು ಕಾನೂನಿನ ಒಳಗೆ ನೋಡಿದ್ರೆ ಸಮಸ್ಯೆ ಇನ್ನೂ ಸ್ಪಷ್ಟ ಆಗುತ್ತೆ. 1862ರಲ್ಲಿ ಜಾರಿಗೆ ಬಂದ ಇಂಡಿಯನ್ ಪೀನಲ್ ಕೋಡಲ್ಲಿ ಕೊಲೆಗೆ ಎರಡೇ ಶಿಕ್ಷೆ, ಗಲ್ಲು ಇಲ್ಲಾ ಜೀವಾವಧಿ. ಅದ್ರ ಬದ್ಲಿಗೆ 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್ನಲ್ಲೂ ಅಷ್ಟೇ. ಜಡ್ಜಿಗೆ ಎಷ್ಟೇ ಕನಿಕರ ಬಂದ್ರೂ ಕೊಲೆ ಅಂತ ಸಾಬೀತಾದ್ರೆ ಜೀವಾವಧಿಗಿಂತ ಕೆಳಗೆ ಇಳಿಯಂಗಿಲ್ಲ. ವಿಜಯಲಕ್ಷ್ಮಿ ಶಿಕ್ಷೆ ಐದು ವರ್ಷಕ್ಕೆ ಇಳಿದಿದ್ದು ಸರ್ಕಾರದ ದಯೆಯಿಂದ, ಕಾನೂನಲ್ಲಿ ಅವಳಿಗೆ ಅಂತ ಜಾಗ ಇದ್ದಿದ್ರಿಂದ ಅಲ್ಲ. ಇವತ್ತು ಆ ದಯೆಗೂ ತಡೆ ಇದೆ, ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನ ಬಿಟ್ರೆ ಇಂಥ ಜೀವಾವಧಿ ಕೈದಿ ಕಮ್ಮಿ ಅಂದ್ರೆ 14 ವರ್ಷ ಒಳಗಿರ್ಬೇಕು ಅಂತ 1978ರಲ್ಲಿ ಕ್ರಿಮಿನಲ್ ಪ್ರೊಸೀಜರ್ ಕೋಡಿಗೆ ಸೇರಿಸಿದ ನಿಯಮ ಅದ್ರ ಬದ್ಲಿಗೆ ಬಂದ ಹೊಸ ಸಂಹಿತೇಲೂ ಉಳ್ಕೊಂಡಿದೆ.

ಕೊಲೆ ಅನ್ನೋದನ್ನ ಸ್ವಲ್ಪ ಕಮ್ಮಿ ಅಪರಾಧ ಮಾಡೋ ವಿನಾಯಿತಿಗಳು ಇವೆ, ಅದ್ರಲ್ಲಿ ಹೆಸರುವಾಸಿ ಅಂದ್ರೆ ಗಂಭೀರ ಮತ್ತು ಹಠಾತ್ ಪ್ರಚೋದನೆ. ಅಂದ್ರೆ ಯಾರೋ ನಿಮ್ಮನ್ನ ಕೆಣಕಿದ್ರು, ತಕ್ಷಣ ರಕ್ತ ಕುದೀತು, ಹೊಡೆದುಬಿಟ್ರಿ. ಇದನ್ನ ಯಾರ ಸಿಟ್ಟು ನೋಡಿ ಬರ್ದಿದ್ದು ಅಂತ ಕೇಳ್ಬೇಕು. ಹೊಡೆಯೋ ಶಕ್ತಿ ಇರೋನಿಗೆ, ಕೈಗೆ ಆಯುಧ ಸಿಗೋನಿಗೆ ಸಿಟ್ಟು ಹಠಾತ್ತಾಗಿ ಬರುತ್ತೆ. ಹತ್ತು ವರ್ಷ ಏಟು ತಿಂದ ಹೆಂಗಸಿಗೆ ಅದು ಒಳಗೊಳಗೇ ಇಂಗ್ತಾ ಹೋಗುತ್ತೆ, ಸ್ಫೋಟ ಆಗೋ ದಿನ ಅದು ಹಠಾತ್ ಅಲ್ಲ ಅಂತ ಕೋರ್ಟು ಹೇಳ್ಬಿಡುತ್ತೆ. 1959ರ ಬಾಂಬೆಯ ನಾನಾವತಿ ಕೇಸು ಎಲ್ರಿಗೂ ಗೊತ್ತಲ್ಲ, ಹೆಂಡತಿಯ ಸ್ನೇಹಿತನ್ನ ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ. ಒಂಬತ್ತು ಜನ ಜ್ಯೂರಿಯಲ್ಲಿ ಎಂಟು ಜನ ತಪ್ಪಿತಸ್ಥ ಅಲ್ಲ ಅಂದ್ರು. ಹೈಕೋರ್ಟು ಅದನ್ನ ತಳ್ಳಿಹಾಕ್ತು, 1961ರಲ್ಲಿ ಸುಪ್ರೀಂ ಕೋರ್ಟೂ ಸಿಟ್ಟು ತಣಿಯೋಕೆ ಸಾಕಷ್ಟು ಟೈಮ್ ಇತ್ತು ಅಂತ ಜೀವಾವಧಿನೇ ಖಾಯಂ ಮಾಡ್ತು, ಅಲ್ಲಿ ಕಾನೂನು ಸರಿಯಾಗೇ ನಡೀತು ಅಂತ ಒಪ್ಕೊಳ್ಳೋಣ. ಆದ್ರೆ ಹೊರಗೆ ಪತ್ರಿಕೆ, ಜನ, ದೊಡ್ಡ ದೊಡ್ಡ ಕುಳಗಳು ಎಲ್ಲ ಅವನ ಬೆನ್ನಿಗಿದ್ರು, 1964ರಲ್ಲಿ ಕ್ಷಮಾದಾನ ಸಿಕ್ತು, ಕುಟುಂಬ ಸಮೇತ ಕೆನಡಾಕ್ಕೆ ಹೋದ. ಮಾನ ಹೋಯ್ತು ಅಂತ ಗಂಡಸು ಕೊಂದ್ರೆ ಊರು ಹೂವಿನ ಹಾರ ತರುತ್ತೆ. ಮಾನ ಹೋಗುತ್ತೆ ಅಂತ ಹೆದರಿ ಹೆಣ್ಣೊಬ್ಳು ಕೈ ಮೀರಿದ್ರೆ ಅದೇ ಊರು ಕಲ್ಲು ಹುಡುಕುತ್ತೆ.

ಹಠಾತ್ ಅನ್ನೋ ಗೋಡೆಗೆ ನಮ್ಮಲ್ಲಿ ಒಂದು ಬಿರುಕು ಬಿಟ್ಟಿದ್ದು 1989ರಲ್ಲಿ, ಮದ್ರಾಸ್ ಹೈಕೋರ್ಟಲ್ಲಿ. ಮಕ್ಕಳ ಜೊತೆ ಬಾವಿಗೆ ಹಾರಿ, ಮಕ್ಕಳು ಸತ್ತು ತಾನೊಬ್ಳೇ ಬದುಕುಳಿದ ತಾಯಿ ಮೇಲೆ ಕೊಲೆ ಕೇಸು. ವರ್ಷಗಟ್ಟಲೆ ಸಹಿಸ್ಕೊಂಡು ಬಂದ ಹಿಂಸೆನೂ ಪ್ರಚೋದನೆನೇ ಅಂತ ಆ ಕೋರ್ಟು ಒಪ್ಪಿಕೊಳ್ತು, ತಮಿಳರ ಜನಪದದಲ್ಲಿ ಏಳು ಮಕ್ಕಳ ಜೊತೆ ಬಾವಿ ಪಾಲಾದ ನಲ್ಲತಂಗಾಳ್ ಅನ್ನೋಳ ಹೆಸರು ತೀರ್ಪಲ್ಲೇ ಬಂತು. ಮಲೆನಾಡಲ್ಲಿ ಮನೆಗೊಂದು ಬಾವಿ, ಊರಿಗೊಂದು ಕೆರೆ, ಇಂಥ ಸಾವು ನಮಗೆ ಹೊಸದಲ್ಲ, ಹಾಗಾಗಿ ಈ ತೀರ್ಪು ನಮ್ಮ ವಕೀಲ್ರಿಗೆಲ್ಲ ಬಾಯಿಪಾಠ ಇರ್ಬೇಕು ಅಂತ ನನಗನ್ನಿಸುತ್ತೆ. ಇಂಗ್ಲೆಂಡಲ್ಲಿ 1989ರಲ್ಲೇ ಕಿರಣ್‌ಜಿತ್ ಅಹ್ಲುವಾಲಿಯಾ ಅನ್ನೋ ಪಂಜಾಬಿ ಹೆಂಗಸು ಹತ್ತು ವರ್ಷ ಹಿಂಸೆ ಕೊಟ್ಟ ಗಂಡನಿಗೆ ಬೆಂಕಿ ಹಚ್ಚಿದ್ದಕ್ಕೆ ಜೀವಾವಧಿ ಆಗಿತ್ತು, ಹೆಂಗಸ್ರ ಸಂಘಟನೆಗಳು ಹೋರಾಡಿ 1992ರಲ್ಲಿ ಅವ್ರು ಹೊರಗೆ ಬಂದ್ರು, ಆಮೇಲೆ 2009ರ ಕಾಯ್ದೇಲಿ ಆ ದೇಶ ಹಠಾತ್ ಅನ್ನೋ ಷರತ್ತನ್ನೇ ತೆಗೆದುಹಾಕ್ತು. ನಮ್ಮ ಹೊಸ ನ್ಯಾಯ ಸಂಹಿತೇಲಿ ಅದು ಅಕ್ಷರ ಬದಲಾಗ್ದೆ ಹಾಗೇ ಕೂತಿದೆ.

ಹಸುಗೂಸಿನ ಕೇಸಲ್ಲಂತೂ ಈ ವಿನಾಯಿತಿ ಮೊದಲೇ ಉಪಯೋಗಕ್ಕೆ ಬರಲ್ಲ, ಮಗು ಯಾರನ್ನ ಕೆಣಕುತ್ತೆ? ಉಳಿಯೋದು ಬುದ್ಧಿಭ್ರಮಣೆ ಅನ್ನೋ ವಾದ, ಅದನ್ನ ಸಾಬೀತು ಮಾಡೋದು ಬಹಳ ಕಷ್ಟ, ಬಾಣಂತಿಗೆ ಬರೋ ಮಾನಸಿಕ ಕಾಯಿಲೆಗಳನ್ನ ಗುರುತಿಸೋ ಡಾಕ್ಟ್ರು ತಾಲೂಕು ಆಸ್ಪತ್ರೇಲಿ ಸಿಗೋದೇ ಅಪರೂಪ. ಇಂಗ್ಲೆಂಡು ತನ್ನ ಹೆಂಗಸ್ರಿಗೆ 1922ರಲ್ಲೇ ಶಿಶುಹತ್ಯೆಗೆ ಅಂತ ಬೇರೆ ಕಾಯ್ದೆ ಮಾಡ್ತು, 1938ರಲ್ಲಿ ಅದನ್ನ ಒಂದು ವರ್ಷದೊಳಗಿನ ಮಗುವಿನವರೆಗೆ ವಿಸ್ತರಿಸ್ತು, ಹೆರಿಗೆಯ ಪರಿಣಾಮದಿಂದ ತಾಯಿ ಮನಸ್ಸು ಸ್ಥಿಮಿತ ತಪ್ಪಿದ್ರೆ ಕೊಲೆ ಶಿಕ್ಷೆ ಇಲ್ಲ ಅಂತ. ಆಗ ನಮ್ಮನ್ನ ಆಳ್ತಿದ್ದೋರೂ ಅವ್ರೇ, ಇಲ್ಲಿಗೆ ಮಾತ್ರ ತರ್ಲಿಲ್ಲ. ಆ ಕಾಯ್ದೆ ಬಗ್ಗೆನೂ ನನಗೆ ಪೂರ್ತಿ ಸಮಾಧಾನ ಇಲ್ಲ, ಅದು ಹೆಂಗಸನ್ನ ರೋಗಿ ಅಂತ ನೋಡುತ್ತೆ, ಸಮಾಜದ ಹೆದರಿಕೆನ ಲೆಕ್ಕಕ್ಕೇ ತಗೊಳ್ಳಲ್ಲ. ಆದ್ರೂ ಜಡ್ಜಿನ ಕೈ ಕಟ್ಟಿಹಾಕದೆ ಇರೋ ಒಂದು ದಾರಿ ಅಲ್ಲಿದೆ. 2023ರಲ್ಲಿ ಪಾರ್ಲಿಮೆಂಟಲ್ಲಿ ಇಡೀ ದಂಡಸಂಹಿತೆ ಹೊಸದಾಗಿ ಬರೆದ್ರು, ಇದನ್ನ ಸೇರಿಸೋಕೆ 160 ವರ್ಷದಲ್ಲಿ ಸಿಕ್ಕ ದೊಡ್ಡ ಅವಕಾಶ ಅದು. ಸೇರಿಸ್ಲಿಲ್ಲ.

ಸಾಕ್ಷಿ ವಿಷ್ಯಕ್ಕೆ ಬಂದ್ರೆ, ಮೊದಲ ಪ್ರಶ್ನೆ ಮಗು ಜೀವಂತ ಹುಟ್ಟಿತ್ತಾ ಅನ್ನೋದು. ಸತ್ತೇ ಹುಟ್ಟಿದ್ರೆ ಕೊಲೆನೇ ಇಲ್ಲ. ಇದಕ್ಕೆ ಹಳೇ ಕಾಲದಿಂದ ಬಂದ ಪರೀಕ್ಷೆ ಅಂದ್ರೆ ಮಗುವಿನ ಶ್ವಾಸಕೋಶನ ನೀರಲ್ಲಿ ಹಾಕೋದು, ತೇಲಿದ್ರೆ ಉಸಿರಾಡಿತ್ತು, ಮುಳುಗಿದ್ರೆ ಇಲ್ಲ. ದೇಹ ಕೊಳೆಯೋಕೆ ಶುರುವಾದ್ರೆ ಗ್ಯಾಸ್ ತುಂಬ್ಕೊಂಡು ಉಸಿರಾಡದ ಶ್ವಾಸಕೋಶನೂ ತೇಲುತ್ತೆ, ಹಾಗಾಗಿ ಇದನ್ನೊಂದೇ ನಂಬಂಗಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳದಲ್ಲಿ ಎರಡು ದಿನ ಇದ್ದ ದೇಹದ ಮೇಲೆ ಈ ಪರೀಕ್ಷೆ ಮಾಡಿ ಒಬ್ಳನ್ನ ಜೀವನಪೂರ್ತಿ ಒಳಗೆ ಹಾಕ್ಬೋದಾ? ಒಬ್ಳೇ, ಕತ್ತಲೇಲಿ, ಸೂಲಗಿತ್ತಿ ಇಲ್ದೆ, ಬಾಯಿಗೆ ಬಟ್ಟೆ ತುರುಕ್ಕೊಂಡು ಹೆರೋ ಹೆಣ್ಣಿನ ಮಗು ತಾನಾಗೇ ಸಾಯೋ ಸಾಧ್ಯತೆ ಎಷ್ಟಿರುತ್ತೆ ಅಂತ ಹೆರಿಗೆ ವಾರ್ಡಲ್ಲಿ ಕೆಲ್ಸ ಮಾಡಿರೋ ಯಾವ ನರ್ಸನ್ನ ಕೇಳಿದ್ರೂ ಹೇಳ್ತಾರೆ. ಹೆರಿಗೆ ಮುಚ್ಚಿಡೋದಕ್ಕೆ ಅಂತ್ಲೇ ಬೇರೆ ಸೆಕ್ಷನ್ ಇದೆ, ಹಳೇ ಪೀನಲ್ ಕೋಡಿನ 318, ಈಗಿನ ನ್ಯಾಯ ಸಂಹಿತೆಯ 94, ಜಾಸ್ತಿ ಅಂದ್ರೆ ಎರಡು ವರ್ಷ ಶಿಕ್ಷೆ. ಎರಡು ವರ್ಷಕ್ಕೂ ಜೀವಾವಧಿಗೂ ಮಧ್ಯೆ ಇರೋದು ತನಿಖೆ ಎಷ್ಟು ಸರಿಯಾಗಿ ಆಯ್ತು ಅನ್ನೋದು ಮಾತ್ರ.

ಈ ವಿಷ್ಯದಲ್ಲಿ 2023ರ ಅಕ್ಟೋಬರ್ 19ರಂದು ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪು ದಯವಿಟ್ಟು ಎಲ್ರೂ ಓದ್ಬೇಕು. ಛತ್ತೀಸಗಢದ ಒಂದು ಹಳ್ಳಿ, ಗಂಡನಿಂದ ದೂರ ಆಗಿ ಒಬ್ಳೇ ಇದ್ದ ಹೆಂಗಸು, ಬಸುರಿ ಅಂತ ಊರಿಗೆ ಗೊತ್ತಿತ್ತು. ಸಣ್ಣ ಕೆರೆಯೊಂದ್ರಲ್ಲಿ ಹಸುಗೂಸಿನ ಹೆಣ ಸಿಕ್ತು. ಇವಳದ್ದೇ ಇರ್ಬೇಕು ಅಂತ ಕೇಸು, ಕೆಳಗಿನ ಕೋರ್ಟಲ್ಲಿ ಜೀವಾವಧಿ, 2010ರಲ್ಲಿ ಹೈಕೋರ್ಟೂ ಸರಿ ಅಂತು. ಆ ಮಗು ಇವಳದ್ದೇ ಅನ್ನೋದಕ್ಕೆ ಗಟ್ಟಿ ಸಾಕ್ಷಿನೇ ಇಲ್ಲ ಅಂತ ನ್ಯಾಯಮೂರ್ತಿ ಅಭಯ್ ಓಕಾ, ಸಂಜಯ್ ಕರೋಲ್ ಅವ್ರ ಪೀಠ ಅವಳನ್ನ ಬಿಡುಗಡೆ ಮಾಡ್ತು. ಒಬ್ಬ ಹೆಂಗಸು ಒಂಟಿ, ಬಸುರಿ ಅನ್ನೋ ಕಾರಣಕ್ಕೆ ಸರಿಯಾದ ಸಾಕ್ಷಿ ಇಲ್ದೆ ಮಗು ಕೊಂದ ಅಪರಾಧ ಹೊರಿಸೋದು ಹೆಣ್ಣಿನ ಬಗ್ಗೆ ಇರೋ ಹಳೇ ಪೂರ್ವಗ್ರಹಗಳನ್ನೇ ಗಟ್ಟಿ ಮಾಡುತ್ತೆ ಅಂತ, ಅವಳಿಗೂ ಖಾಸಗಿತನದ ಹಕ್ಕಿದೆ ಅಂತ ಹೇಳ್ತು. ಇದನ್ನ ಬರೆದ ಇಬ್ರೂ ಗಂಡಸ್ರೇ, ಅದನ್ನೂ ಹೇಳ್ಬೇಕು. ಜಡ್ಜು ಗಂಡಸಾದ ತಕ್ಷಣ ಅನ್ಯಾಯ, ಹೆಂಗಸಾದ ತಕ್ಷಣ ನ್ಯಾಯ ಅನ್ನೋ ಸರಳ ಲೆಕ್ಕ ನಡೆಯಲ್ಲ. ಆದ್ರೆ ಆ ತೀರ್ಪು ಬರೋ ಹೊತ್ತಿಗೆ ಅವಳ ಜೀವನದ ಎಷ್ಟೊಂದು ವರ್ಷ ಆ ಕೇಸಲ್ಲೇ ಹೋಗಿತ್ತು.

ಹೆಂಗಸ್ರು ಜಡ್ಜಾಗೋದು ಯಾಕೆ ಮುಖ್ಯ ಅಂದ್ರೆ ಇಂಥ ಪ್ರಶ್ನೆಗಳು ಸುಪ್ರೀಂ ಕೋರ್ಟಿಗೆ ಹೋಗೋವರೆಗೆ ಕಾಯ್ಬಾರ್ದು, ಠಾಣೇಲಿ, ಶವಾಗಾರದಲ್ಲಿ, ಸೆಷನ್ಸ್ ಕೋರ್ಟಲ್ಲೇ ಯಾರಾದ್ರೂ ಕೇಳ್ಬೇಕು. ದೇಶದ ಮೊದಲ ಮಹಿಳಾ ಹೈಕೋರ್ಟ್ ಜಡ್ಜ್ ಅನ್ನಾ ಚಾಂಡಿ 1959ರಲ್ಲಿ ಕೇರಳ ಹೈಕೋರ್ಟಿಗೆ ಬಂದ್ರು, ಸುಪ್ರೀಂ ಕೋರ್ಟಿಗೆ ಮೊದಲ ಮಹಿಳೆ ಫಾತಿಮಾ ಬೀವಿ ಬಂದಿದ್ದು 1989ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟಿಗೆ ಮಂಜುಳಾ ಚೆಲ್ಲೂರ್ ಬರೋ ಹೊತ್ತಿಗೆ 2000 ಆಗಿತ್ತು. 2025ರ ಮಧ್ಯಭಾಗದಲ್ಲಿ ಇಡೀ ಸುಪ್ರೀಂ ಕೋರ್ಟಲ್ಲಿ ನಮ್ಮ ಬಿ.ವಿ. ನಾಗರತ್ನ ಅವ್ರು ಬಿಟ್ರೆ ಇನ್ನೊಬ್ಬ ಮಹಿಳಾ ಜಡ್ಜ್ ಇರ್ಲಿಲ್ಲ. ಕೆಳಗಿನ ಕೋರ್ಟುಗಳಲ್ಲಿ ಪರಿಸ್ಥಿತಿ ಎಷ್ಟೋ ವಾಸಿ, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೆಣ್ಮಕ್ಕಳಿದ್ದಾರೆ.

ಇಷ್ಟೆಲ್ಲ ಆದ್ಮೇಲೂ ನನಗೆ ಫುಲೆ ದಂಪತಿ ಮಾಡಿದ್ದೇ ಹೆಚ್ಚು ಸರಿ ಅನ್ಸುತ್ತೆ, ಯಾಕಂದ್ರೆ ಕೋರ್ಟು ಬರೋದು ಎಲ್ಲ ಮುಗಿದ್ಮೇಲೆ. ಅವ್ರು ಮಾಡಿದ್ದನ್ನ ಇವತ್ತು ಕಾನೂನೇ ಮಾಡುತ್ತೆ, ನಮ್ಮ ಹಳ್ಳಿಗಳಿಗೆ ಗೊತ್ತಿಲ್ಲ ಅಷ್ಟೇ. ಗರ್ಭಪಾತದ ಕಾಯ್ದೆ 1971ರಿಂದ ಇದೆ, 2021ರ ತಿದ್ದುಪಡಿ ಆದ್ಮೇಲೆ ಅತ್ಯಾಚಾರಕ್ಕೆ ಒಳಗಾದೋರು, ಬಸುರಿದ್ದಾಗ ಗಂಡ ತೀರ್ಕೊಂಡೋರು ಇವ್ರಿಗೆಲ್ಲ 24 ವಾರದವರೆಗೆ ಅವಕಾಶ ಇದೆ, ಮದ್ವೆ ಆಗದ ಹೆಣ್ಮಕ್ಕಳಿಗೂ ಇದು ಅನ್ವಯ ಅಂತ 2022ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಟೈಮ್ ಮೀರಿದ್ರೆ, ಹೆತ್ತ ಮಗುನ ಸಾಕೋಕಾಗದೆ ಇದ್ರೆ, 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸ್ಬೋದು, ಮನಸ್ಸು ಬದಲಾದ್ರೆ ಎರಡು ತಿಂಗಳೊಳಗೆ ವಾಪಸ್ ತಗೋಬೋದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ರೆ ಸಾಕು. ಇದು ಆಗುಂಬೆ, ಹೊಸನಗರ, ಸೊರಬ ಕಡೆಯ ಒಂಟಿ ಮನೆಗಳಿಗೆ ತಲುಪ್ಬೇಕು ಅಂದ್ರೆ ಆಶಾ ಕಾರ್ಯಕರ್ತೆ ಬಾಯಿಂದನೇ ತಲುಪ್ಬೇಕು, ಆದ್ರೆ ಆಶಾ ಕೂಡಾ ಅದೇ ಊರಿನೋಳು, ಅವಳಿಗೆ ಹೇಳಿದ್ರೆ ನಾಳೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ಆ ಹುಡುಗಿ ಬಾಯಿ ಮುಚ್ಕೊಂಡಿರ್ತಾಳೆ. ಗುಟ್ಟು ಕಾಪಾಡೋ ತರಬೇತಿ, ಬೇರೆ ತಾಲೂಕಿನ ಆಸ್ಪತ್ರೆಗೆ ಕಳ್ಸೋ ವ್ಯವಸ್ಥೆ, ಇವೆರಡು ಆದ್ರೆ ದೊಡ್ಡ ಕೆಲ್ಸ ಆದಂಗೆ.

ಅಷ್ಟಾಗಿಯೂ ಕೇಸಾದ್ರೆ, ಹೆಂಗಸಿಗೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲ್ರು ಸಿಗ್ಬೇಕು ಅಂತ 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ರೆ ಆಯ್ತು. ಆ ವಕೀಲ್ರು ಮೊದಲ ದಿನವೇ ಮೂರು ವಿಷ್ಯ ಹಿಡಿದು ಕೇಳ್ಬೇಕು, ಮಗು ಜೀವಂತ ಹುಟ್ಟಿತ್ತು ಅನ್ನೋದಕ್ಕೆ ಶ್ವಾಸಕೋಶದ ಪರೀಕ್ಷೆ ಬಿಟ್ಟು ಬೇರೆ ಆಧಾರ ಏನು, ಡಿಎನ್‌ಎ ಟೆಸ್ಟ್ ಆಗಿದ್ಯಾ, ಆಗಿದ್ರೆ ಅದೇ ಡಿಎನ್‌ಎ ಇಟ್ಕೊಂಡು ಅಪ್ಪ ಯಾರು ಅಂತ ಯಾಕೆ ಹುಡುಕಿಲ್ಲ. ಆ ಹುಡುಗಿಗೆ 18 ತುಂಬಿಲ್ಲ ಅಂದ್ರೆ ಅವನು ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ ಕಾಯ್ದೆ ಕೆಳಗೆ ಆರೋಪಿ, ಅವಳ ಒಪ್ಪಿಗೆ ಇತ್ತಾ ಇಲ್ವಾ ಅನ್ನೋ ಪ್ರಶ್ನೆನೇ ಬರಲ್ಲ, ಅವನ ಹೆಸ್ರು ಫೈಲಿನ ಮೊದಲ ಪುಟದಲ್ಲೇ ಇರ್ಬೇಕು.